ಮೆಜೆಸ್ಟಿಕ್ ನೀರು ಎಲ್ಲಿಗ್ ಹೋಗುತ್ತೆ?

ಹೋದ ಜೂನಲ್ಲಿ ಒಂದು ಮಂಗಳವಾರ ಆಫೀಸಿಗೆ ರಜೆ ಹಾಕಿದ್ದೆ. ಒಂದು ಸರ್ಕಾರಿ ಕಾಗದದ ಕೆಲಸ, ಏನು ಎತ್ತ ಅಂತ ಬೇಡ ಬಿಡಿ, ಇಂಥ ಕೆಲಸ ಎಲ್ರಿಗೂ ವರ್ಷಕ್ಕೊಂದ್ಸಲ ಬಂದೇ ಬರುತ್ತೆ. ಒಂಬತ್ತೂವರೆಗೇ ಹೋಗಿ ಜೆರಾಕ್ಸ್ ಮೂರು ಸೆಟ್ಟು, ಪಾಸ್‌ಪೋರ್ಟ್ ಸೈಜ್ ಫೋಟೋ ಎರಡು, ಎಲ್ಲಾ ಜೋಡಿಸ್ಕೊಂಡು ಬೆಂಚ್ ಮೇಲೆ ಕೂತಿದ್ದೆ. ಹತ್ತೂವರೆಗೆ ಕಿಟಕಿ ಒಳಗಿಂದ ಒಂದು ದನಿ ಬಂತು, 'ಸರ್ವರ್ ಡೌನು, ಇವತ್ತಾಗಲ್ಲ, ನಾಳೆ ಬನ್ನಿ.' ಕೂತಿದ್ದೋರೆಲ್ಲ ಒಂದೇ ಸಲ ನಿಟ್ಟುಸಿರು ಬಿಟ್ಟು ಎದ್ವಿ, ಯಾರೂ ಜಗಳ ಆಡ್ಲಿಲ್ಲ, ಅಭ್ಯಾಸ ಆಗ್ಬಿಟ್ಟಿದೆ.

ಹೊರಗ್ ಬಂದು ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಹತ್ರ ನಿಂತೆ. ಸ್ಕೂಟರ್ ಬೇರೆ ಗ್ಯಾರೇಜಲ್ಲಿತ್ತು, ಹಿಂದಿನ ದಿನಾನೇ ಬಿಟ್ಟಿದ್ದೆ. ಮೆಟ್ರೋ ಹತ್ತಿ ರಾಜರಾಜೇಶ್ವರಿ ನಗರಕ್ಕೆ ವಾಪಸ್ ಹೋಗಿ ಫ್ಯಾನ್ ಕೆಳಗೆ ಬಿದ್ಕೊಳ್ಳೋದು ಒಂದು ದಾರಿ. ಆಫೀಸಿಗೆ ಫೋನ್ ಮಾಡಿ 'ಅರ್ಧ ದಿನ ಬರ್ತೀನಿ' ಅನ್ನೋದು ಇನ್ನೊಂದು ದಾರಿ, ಅದನ್ನ ಮಾಡೋ ಅಷ್ಟು ಒಳ್ಳೆಯವನಲ್ಲ ನಾನು. ಮೋಡ ಕವಿದಿತ್ತು, ಬಿಸಿಲಿರ್ಲಿಲ್ಲ, ಕಾಲಲ್ಲಿ ಶೂ ಇತ್ತು. ಹದಿನಾಲ್ಕು ವರ್ಷದಿಂದ ಬೆಂಗಳೂರಲ್ಲಿದೀನಿ, ಈ ಊರಲ್ಲಿ ಒಂದು ದಿನಾನೂ ಸುಮ್ನೆ ನಡೆದಿಲ್ಲ. ಬಸ್‌ಸ್ಟಾಪಿಂದ ಮನೆಗೆ, ಪಾರ್ಕಿಂಗಿಂದ ಆಫೀಸಿಗೆ, ಅಷ್ಟೇ. ಸರಿ ನಡೆಯೋಣ ಅನ್ನಿಸ್ತು. ಎಲ್ಲಿಗೆ ಅಂತ ಗೊತ್ತಿರ್ಲಿಲ್ಲ.

ನಿಂತಿದ್ದ ಜಾಗಕ್ಕೋ ಏನೋ, ಅಪ್ಪ ನೆನಪಾದ. ನಾನು ಕೆಲಸಕ್ಕೆ ಸೇರಿದ ಮೊದಲನೇ ವರ್ಷ ಅಪ್ಪ ತಿಪಟೂರಿಂದ ಬಂದಿದ್ದ, ಕೈಲಿ ಚೀಲದ ತುಂಬ ತೆಂಗಿನಕಾಯಿ, ಮೆಜೆಸ್ಟಿಕ್ಕಲ್ಲಿ ಬಸ್ ಇಳಿಯೋ ಹೊತ್ತಿಗೆ ಸರಿಯಾಗಿ ಮಳೆ. ಪ್ಲಾಟ್‌ಫಾರ್ಮ್ ಶೀಟ್ ಕೆಳಗೆ ಅರ್ಧ ಗಂಟೆ ನಿಂತಿದ್ವಿ. ನಾನು ಸಿಟಿ ತೋರಿಸೋ ಉತ್ಸಾಹದಲ್ಲಿ ಏನೇನೋ ಹೇಳ್ತಿದ್ದೆ, ಅಪ್ಪ ಕೆಳಗೆ ಹರೀತಿದ್ದ ಕೆಂಪು ನೀರನ್ನೇ ನೋಡ್ತಿದ್ದ. ಆಮೇಲೆ ಕೇಳಿದ, 'ಈ ನೀರೆಲ್ಲ ಎಲ್ಲಿಗ್ ಹೋಗ್ತೈತ್ಲಾ?'

'ಮೋರಿಗೆ' ಅಂದೆ.

'ಮೋರಿ ಎಲ್ಲಿಗ್ ಹೋಗ್ತೈತೆ?'

ಗೊತ್ತಿಲ್ಲ ಅಂದೆ. ಅಪ್ಪ ನನ್ನನ್ನ ನೋಡಿದ ರೀತಿ ಈಗ್ಲೂ ಕಣ್ಣಿಗ್ ಕಟ್ಟಿದಂಗಿದೆ, ಬಯ್ಲಿಲ್ಲ, ಆದ್ರೆ ಮಗ ಓದಿದ್ದೆಲ್ಲ ದಂಡ ಅನ್ನೋ ಥರ ಒಂದು ನೋಟ. ನಮ್ಮೂರಲ್ಲಿ ನೀರು ಎಲ್ಲಿಂದ ಬರುತ್ತೆ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿಲ್ದೇ ಇರೋನು ಊರಿನೋನೇ ಅಲ್ಲ. ಗುಡ್ಡದ ನೀರು ಕಟ್ಟೆಗೆ, ಕಟ್ಟೆ ತುಂಬಿದ್ರೆ ದೊಡ್ಡಕೆರೆಗೆ, ಕೆರೆ ಕೋಡಿ ಬಿದ್ರೆ ಮುಂದಿನ ಊರಿನ ಕೆರೆಗೆ. ಇದು ಅಲ್ಲಿ ಮಕ್ಳಿಗೂ ಗೊತ್ತು.

ಹೀಗೆ ನನ್ನ ನಡಿಗೆ ಶುರುವಾಯ್ತು. ಯಾವ ಆ್ಯಪೂ ಇಲ್ಲ, ಹೆರಿಟೇಜ್ ವಾಕ್ ಟಿಕೆಟ್ಟೂ ಇಲ್ಲ.

ಮೆಜೆಸ್ಟಿಕ್ ಒಂದು ಕೆರೆ ಆಗಿತ್ತು ಅನ್ನೋದು ಬೆಂಗಳೂರಿನೋರು ಎಲ್ರೂ ಹೇಳೋ ಮಾತು, ನಾನೂ ಹೇಳ್ತಿದ್ದೆ, ಹೊಸಬರಿಗೆ ಹೇಳಿ ಶಭಾಷ್ ಅನ್ನಿಸ್ಕೊಳ್ಳೋಕೆ ಒಳ್ಳೆ ಮಾತು ಅದು. ಧರ್ಮಾಂಬುಧಿ ಕೆರೆ. ಆದ್ರೆ ಹೇಳೋದು ಬೇರೆ, ಕಾಲಿಗೆ ಗೊತ್ತಾಗೋದು ಬೇರೆ. ಬಸ್‌ಸ್ಟ್ಯಾಂಡ್ ಪಕ್ಕದ ರಸ್ತೆಗೆ ಈಗ್ಲೂ ಟ್ಯಾಂಕ್ ಬಂಡ್ ರೋಡ್ ಅಂತಾನೇ ಹೆಸರು, ಅಂದ್ರೆ ಕೆರೆ ಏರಿ ರಸ್ತೆ. ಬೋರ್ಡ್ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಅದೊಂದು ಹೆಸರು ಅಂತ ಬಿಟ್ರೆ ಅದಕ್ಕೊಂದು ಅರ್ಥ ಇದೆ ಅಂತ ಹೊಳೆದಿರ್ಲೇ ಇಲ್ಲ. ಅವತ್ತು ಹೊಳೀತು. ನೀರಿಲ್ಲ, ಕೆರೆ ಇಲ್ಲ, ಏರಿ ಮಾತ್ರ ಬೋರ್ಡಲ್ಲಿ ಉಳ್ಕೊಂಡಿದೆ, ಅದರ ಮೇಲೆ ಚಾರ್ಜರ್ ಬೆಲ್ಟು ಮಾರೋರು, ಲಾಡ್ಜ್ ಬೋರ್ಡುಗಳು, ಬಿಎಂಟಿಸಿ ಬಸ್ಸುಗಳು.

ಅಲ್ಲೇ ಹತ್ರ ಅಣ್ಣಮ್ಮನ ಗುಡಿ. ಬೆಂಗಳೂರಿನ ಗ್ರಾಮದೇವತೆ ಅಣ್ಣಮ್ಮ ಧರ್ಮಾಂಬುಧಿ ಕೆರೆ ದಂಡೆಯ ದೇವತೆ. ನಮ್ಮೂರಲ್ಲೂ ಅಮ್ಮನ ಗುಡಿ ಇರೋದು ಕೆರೆ ಏರಿ ಮೇಲೇನೇ, ಏರಿ ಒಡೀದಿರೋ ಥರ ಕಾಯೋದು ಅವಳ ಡ್ಯೂಟಿ ಅಂತ ಅಜ್ಜಿ ಹೇಳ್ತಿದ್ಲು. ಇಲ್ಲಿ ಕಾಯೋಕೆ ಕೆರೆ ಇಲ್ಲ, ಆದ್ರೆ ಅಮ್ಮನಿಗೆ ಕೆಲಸ ಕಮ್ಮಿ ಆಗಿಲ್ಲ, ಹೊಸ ಗಾಡಿಗೆ ನಿಂಬೆಹಣ್ಣು ಇಡಿಸೋಕೆ ಮೂರು ಜನ ನಿಂತಿದ್ರು. ಕೈ ಮುಗಿದು ಮುಂದೆ ಹೋದೆ.

ಕೆರೆ ಯಾಕೆ ಹೋಯ್ತು ಅನ್ನೋದಕ್ಕೆ ನನಗೆ ಇಷ್ಟವಾದ ಉತ್ತರ, ನಲ್ಲಿ. 1896ರಲ್ಲಿ ಹೆಸರಘಟ್ಟದಿಂದ, ಅಂದ್ರೆ ಅರ್ಕಾವತಿ ನದಿಯಿಂದ, ಪೈಪಲ್ಲಿ ಬೆಂಗಳೂರಿಗೆ ನೀರು ಬಂತು. ಅಲ್ಲೀವರೆಗೂ ಪೇಟೆಯೋರು ಕುಡೀತಿದ್ದಿದ್ದು ಈ ಕೆರೆ, ಬಾವಿ, ಕಲ್ಯಾಣಿ ನೀರನ್ನ. ಮನೆ ಬಾಗಿಲಿಗೆ ನಲ್ಲಿ ಬಂದ ಮೇಲೆ ಕೆರೆ ಹೂಳು ತೆಗೆಯೋಕೆ ಯಾರು ಹೋಗ್ತಾರೆ? ಬೇರೆ ಕಾರಣಗಳೂ ಇರ್ತವೆ, ರೈಲ್ವೆ ಬಂತು, ರಸ್ತೆ ಬಂತು, ಕೆರೆಗೆ ಬರೋ ಕಾಲುವೆಗಳು ಕಟ್ಟಿಹೋದ್ವು. ಆದ್ರೆ ಮೊದಲು ಮನಸ್ಸಿಂದ ಹೋಗಿರುತ್ತೆ ಕೆರೆ, ನೆಲದಿಂದ ಆಮೇಲೆ. ನಮ್ಮೂರಲ್ಲೂ ಬೋರ್‌ವೆಲ್ ಬಂದ ಮೇಲೆ ಇದೇ ಕತೆ, ಕೆರೆ ನೀರನ್ನ ಗದ್ದೆಗೆ ಬಿಡೋ ನೀರುಗಂಟಿ ಕೆಲಸ ಮಾಡ್ತಿದ್ದ ಮನೆಯ ಹುಡುಗ ಈಗ ಸೆಕ್ಯೂರಿಟಿ ಗಾರ್ಡ್.

ಉಪ್ಪಾರಪೇಟೆ ದಾಟಿ ಕೆಂಪೇಗೌಡ ರಸ್ತೆ ಹಿಡಿದು ಮೈಸೂರು ಬ್ಯಾಂಕ್ ಸರ್ಕಲ್ ಕಡೆ ಹೊರಟೆ. ಒಂದು ವಿಷಯ ಹೇಳ್ಬೇಕು. ಈ ರಸ್ತೇಲಿ ಸ್ಕೂಟರಲ್ಲಿ ನೂರು ಸಲ ಹೋಗಿದೀನಿ, ಇದು ಏರು ಅಂತ ಒಂದು ದಿನಾನೂ ಗೊತ್ತಾಗಿಲ್ಲ. ಸ್ಕೂಟರಿಗೆ ಗೊತ್ತಾಗುತ್ತೆ, ಅದು ಸ್ವಲ್ಪ ಜಾಸ್ತಿ ಪೆಟ್ರೋಲ್ ಕುಡಿಯುತ್ತೆ, ನಮಗೆ ಹೇಳಲ್ಲ. ಅವತ್ತು ಸರ್ಕಲ್ ಹತ್ರ ಬರೋ ಹೊತ್ತಿಗೆ ಉಸಿರು ಸ್ವಲ್ಪ ಬಿಗಿಯಾಗಿತ್ತು, ನನ್ನ ಹೊಟ್ಟೆ ತಪ್ಪೂ ಇದೆ ಅದರಲ್ಲಿ, ಆದ್ರೆ ತಿರುಗಿ ನೋಡಿದ್ರೆ ನಿಜವಾಗ್ಲೂ ಮೆಜೆಸ್ಟಿಕ್ ಕೆಳಗಿತ್ತು. ಕೆರೆ ಇನ್ನೆಲ್ಲಿರುತ್ತೆ, ತಗ್ಗಲ್ಲೇ ಇರುತ್ತೆ. ಮಳೆ ಬಂದಾಗ ನೀರು ಅಲ್ಲೇ ಯಾಕೆ ನಿಲ್ಲುತ್ತೆ ಅನ್ನೋದಕ್ಕೆ ಟಿವಿ ಡಿಬೇಟ್ ಬೇಕಾಗಿಲ್ಲ, ಹತ್ತು ನಿಮಿಷ ನಡೆದ್ರೆ ಸಾಕು.

ಮೈಸೂರು ಬ್ಯಾಂಕ್ ಹತ್ರ ಹಿಂದೆ ಕೋಟೆ ಬಾಗಿಲಿತ್ತು, ಯಲಹಂಕ ಬಾಗಿಲು. ಪೇಟೆಗೆ ನಾಕು ದಿಕ್ಕಿಗೆ ನಾಕು ಬಾಗಿಲು ಅಂತ ಹೇಳ್ತಾರೆ, ಯಲಹಂಕ, ಹಲಸೂರು, ಆನೇಕಲ್, ಸೊಂಡೆಕೊಪ್ಪ. ಯಾವ ಬಾಗಿಲಿಂದ ಆಚೆ ಬಂದ್ರೆ ಯಾವ ಊರಿನ ದಾರಿಯೋ ಅದೇ ಹೆಸರು, ಎಂಥ ಸುಲಭ. ಈಗ ಅಲ್ಲಿಂದ ಶುರುವಾಗೋದು ಅವೆನ್ಯೂ ರೋಡು, ಹಳೇ ಹೆಸರು ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟೋವಾಗ ದೊಡ್ಡಪೇಟೆ ಚಿಕ್ಕಪೇಟೆ ಕೂಡೋ ಜಾಗದಲ್ಲಿ ನೇಗಿಲು ಹೂಡಿ, ನಾಕು ದಿಕ್ಕಿಗೆ ಎತ್ತು ಹೊಡೆದು, ಅವು ಉತ್ತ ಸಾಲೇ ರಸ್ತೆ ಆದ್ವು ಅನ್ನೋದು ಕತೆ. ಕತೆ ನಿಜಾನೋ ಸುಳ್ಳೋ, ಅವೆನ್ಯೂ ರೋಡಲ್ಲಿ ನಡೆಯೋವಾಗ ಮಾತ್ರ ಅದು ಎರಡು ಎತ್ತು ಹೋಗೋ ಅಷ್ಟೇ ಅಗಲ ಅನ್ನೋದು ಖಾತ್ರಿ ಆಗುತ್ತೆ.

ಅವೆನ್ಯೂ ರೋಡ್ ಬಗ್ಗೆ ಜಾಸ್ತಿ ಬರೆಯಲ್ಲ, ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದಾರೆ. ಹಳೇ ಪುಸ್ತಕದ ರಾಶಿ, ಸಿಇಟಿ ಗೈಡು, ಮದುವೆ ಕಾರ್ಡಿನ ಅಂಗಡಿ, ನಡುನಡುವೆ ಒಂದು ಹಳೇ ಮರದ ಕಂಬದ ಮನೆ ಇನ್ನೂ ಉಸಿರು ಹಿಡ್ಕೊಂಡು ನಿಂತಿರೋದು. ಚಿಕ್ಕಪೇಟೆ ಕ್ರಾಸ್ ಹತ್ರ ಒಬ್ಬ ಸೇಲ್ಸ್ ಹುಡುಗ 'ಬನ್ನಿ ಅಣ್ಣ, ರೇಷ್ಮೆ, ಕಂಚಿ, ಬನ್ನಿ ನೋಡಿ, ನೋಡೋಕೆ ದುಡ್ಡಿಲ್ಲ' ಅಂತ ಕೈ ಹಿಡಿದೇ ಬಿಟ್ಟ. ಒಬ್ಬನೇ ಬಂದಿರೋ ಗಂಡಸಿಗೆ ರೇಷ್ಮೆ ಸೀರೆ ಮಾರೋ ಧೈರ್ಯ ಮೆಚ್ಚಬೇಕು. ಅಲ್ಲಿಂದ ಎಡಕ್ಕೆ ತಿರುಗಿ ನಗರ್ತಪೇಟೆ ಒಳಗೆ ನುಗ್ಗಿದೆ.

ಇಲ್ಲಿ ನಡೆದಿದ್ದು ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಆ ದಿನದಲ್ಲಿ ಅದೇ ದೊಡ್ಡ ವಿಷಯ ಅಂತ ನನಗೆ ಅನ್ಸುತ್ತೆ. ಗಲ್ಲಿ ಪೂರ್ತಿ ಜಾಮ್. ಮುಂದೆ ಒಂದು ಕೈಗಾಡಿ, ಮರದ ಗಾಡಿ, ಅದರ ಮೇಲೆ ಗೋಣಿಲಿ ಸುತ್ತಿ ಹಗ್ಗ ಬಿಗಿದ ಬಟ್ಟೆ ಬೇಲುಗಳು, ಆಳೆತ್ತರಕ್ಕಿಂತ ಮೇಲೆ. ಮುಂದೆ ಒಬ್ಬ ನೊಗ ಹಿಡಿದವನ ಥರ ಎದೆಗೆ ಕಟ್ಟಿಗೆ ಒತ್ಕೊಂಡು ಎಳೀತಿದ್ದ, ಹಿಂದೆ ಇನ್ನೊಬ್ಬ ತಲೆ ಕೆಳಗೆ ಹಾಕಿ ಎರಡೂ ಕೈ ಕೊಟ್ಟು ತಳ್ಳುತಿದ್ದ. ಗಾಡಿ ಚಕ್ರ ಚಪ್ಪಡಿ ಒಡೆದಿರೋ ಕಡೆ ಸಿಕ್ಕು ನಿಂತ್ಬಿಟ್ಟಿತ್ತು. ಹಿಂದೆ ಆಟೋ ಹಾರ್ನು, ಬೈಕ್ ಹಾರ್ನು. ತಳ್ಳುತಿದ್ದವನು ತಲೆ ಎತ್ತದೇನೆ 'ಒಂದ್ ಕೈ ಹಚ್ರಿ ಸರ' ಅಂದ. ನನಗೇ ಅಂದಿದ್ದು ಅಂತ ತಿಳಿಯೋಕೆ ಒಂದು ಕ್ಷಣ ಬೇಕಾಯ್ತು. ಬ್ಯಾಗ್ ಬೆನ್ನಿಗೆ ಹಾಕಿ, ಅವನ ಪಕ್ಕ ನಿಂತು ತಳ್ಳಿದೆ. ಗಾಡಿ ಅಲ್ಲಾಡ್ಲಿಲ್ಲ. ಅವನು 'ಹಂಗಲ್ಲ, ಕೈಲೆ ಅಲ್ಲ, ಕಾಲಾಗ ತಳ್ರಿ' ಅಂದ. ಅರ್ಥ ಆಗ್ಲಿಲ್ಲ, ಆಮೇಲೆ ಅವನ ಕಾಲು ನೋಡಿದೆ, ಹಿಮ್ಮಡಿ ಎತ್ತಿ, ಹೆಬ್ಬೆರಳು ನೆಲಕ್ಕೆ ಊರಿ, ಮೊಣಕಾಲಿಂದ ಒತ್ತುತಿದ್ದ, ಕೈ ಸುಮ್ನೆ ಮಧ್ಯೆ ಇತ್ತು ಅಷ್ಟೇ. ಹಂಗೆ ಮಾಡಿದೆ. ಚಕ್ರ ಒಂದ್ಸಲ ಹಿಂದಕ್ ಬಂದು, ಮುಂದಕ್ ಹೋಯ್ತು.

ಒಂದೈವತ್ತು ಹೆಜ್ಜೆ ಹಂಗೇ ತಳ್ಕೊಂಡು ಹೋದ್ವಿ. ಕೊಪ್ಪಳ ಕಡೆಯೋರು ಇಬ್ರೂ, ಅಣ್ಣ ತಮ್ಮ. ಒಂದು ಕಡೆ ಬಂದಾಗ, ನನ್ನ ಕಣ್ಣಿಗೆ ಅಲ್ಲಿ ಏನೂ ವ್ಯತ್ಯಾಸ ಇಲ್ಲ, ಅದೇ ಗಲ್ಲಿ, ಅದೇ ಅಂಗಡಿ, ಹಿಂದಿನವನು ತಟ್ಟನೆ ತಳ್ಳೋದು ನಿಲ್ಲಿಸಿ ಗಾಡಿಗೆ ಕಟ್ಟಿದ್ದ ಹಗ್ಗ ಬಿಚ್ಚಿ ಕೈಗೆ ಸುತ್ಕೊಂಡ. 'ಬಿಡ್ರಿ ಸರ ಇನ್ನ. ಇಲ್ಲಿಂದ ಇಳಕಲ ಐತಿ, ಗಾಡಿ ತಾನ ಹೊಕ್ಕೈತಿ. ಇನ್ನ ಹಿಡಿಯೋದೈತಿ, ತಳ್ಳೋದಿಲ್ಲ.' ನಿಜ, ನಾಕು ಹೆಜ್ಜೆಗೆ ಗಾಡಿ ತಾನೇ ಉರುಳೋಕೆ ಶುರುವಾಯ್ತು, ಅವನು ಹಿಂದಕ್ಕೆ ವಾಲಿ ಹಗ್ಗ ಜಗ್ಗಿ ಬ್ರೇಕ್ ಹಾಕ್ಕೊಂಡು ಹೋದ. ಥ್ಯಾಂಕ್ಸ್ ಗೀಂಕ್ಸ್ ಏನಿಲ್ಲ, ತಿರುಗಿ ನೋಡ್ಲೂ ಇಲ್ಲ. ನಾನು ಅಲ್ಲೇ ಒಂದು ಪಾತ್ರೆ ಅಂಗಡಿ ಮುಂದೆ ಕೈಲಿದ್ದ ಮಸಿ ಒರೆಸ್ಕೊಂಡು ನಿಂತೆ.

ಆ ಜಾಗ ಏನು ಅಂತ ನನಗೆ ಹೊಳೆದಿದ್ದು ಒಂದು ಗ್ಲಾಸ್ ಟೀ ಕುಡಿಯೋವಾಗ. ಮೆಜೆಸ್ಟಿಕ್ ಕಡೆಯಿಂದ ಹತ್ತಿಕೊಂಡು ಬಂದೆ, ಇಲ್ಲಿಂದ ಪೂರ್ವಕ್ಕೆ ಇಳಿಯುತ್ತೆ. ಅಂದ್ರೆ ಪೇಟೆ ಕೂತಿರೋದೇ ದಿಣ್ಣೆ ಮೇಲೆ. ಆ ಅಣ್ಣ ತಮ್ಮ ಹಗ್ಗ ಬಿಚ್ಚಿದ ಸುತ್ತಮುತ್ತಲೇ ಎಲ್ಲೋ ನೀರಿನ ದಾರಿ ಎರಡಾಗುತ್ತೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಸೇರಿ, ಅಲ್ಲಿಂದ ಅರ್ಕಾವತಿ, ಅಲ್ಲಿಂದ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ. ಪೂರ್ವಕ್ಕೆ ಬಿದ್ದಿದ್ದು ಕೋರಮಂಗಲ ಕಣಿವೆ, ಬೆಳ್ಳಂದೂರು, ವರ್ತೂರು, ದಕ್ಷಿಣ ಪಿನಾಕಿನಿ, ತಮಿಳುನಾಡು. ಒಂದೇ ಸೂರಿನ ಈ ಕಡೆ ಹನಿ ಒಂದು ನದಿಗೆ, ಆ ಕಡೆ ಹನಿ ಇನ್ನೊಂದು ನದಿಗೆ. ಅಪ್ಪನ ಪ್ರಶ್ನೆಗೆ ಉತ್ತರ ಕೊಡೋಕೆ ಹದಿನಾಲ್ಕು ವರ್ಷ ಮತ್ತೆ ಒಂದು ಡೌನ್ ಆದ ಸರ್ವರ್ ಬೇಕಾಯ್ತು.

ಸಮುದ್ರಕ್ಕಿಂತ ಹೆಚ್ಚುಕಮ್ಮಿ 920 ಮೀಟರ್ ಎತ್ತರದಲ್ಲಿ, ಪಕ್ಕದಲ್ಲಿ ದೊಡ್ಡ ಹೊಳೆ ಇಲ್ದೇ ಇಷ್ಟು ದೊಡ್ಡ ಊರು ಕಟ್ಕೊಂಡು ಕೂತಿದೀವಿ. ಅದಕ್ಕೇ ಹಳಬರು ಪ್ರತಿ ತಗ್ಗಿಗೂ ಒಂದು ಏರಿ ಹಾಕಿ ಮಳೆ ನೀರು ಹಿಡಿದಿದ್ದು. ನಾವು 1974ರಿಂದ ಕಾವೇರಿ ನೀರನ್ನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರ್ತಿದೀವಿ. ಆ ಕೈಗಾಡಿ ತಳ್ಳಿ ಬಂದ ತಕ್ಷಣ ಈ ಲೆಕ್ಕ ನೆನೆಸ್ಕೊಂಡೆ ನೋಡಿ, ಭುಜ ನೋಯ್ತು.

ಧರ್ಮರಾಯನ ಗುಡಿ ಮುಂದೆ ಹೋಗೋ ಹೊತ್ತಿಗೆ ಬಾಗಿಲು ಹಾಕಿತ್ತು, ಮಧ್ಯಾಹ್ನ ಆಗಿತ್ತು. ತಿಗಳರಪೇಟೆ. ಚೈತ್ರ ಹುಣ್ಣಿಮೆಗೆ ಬೆಂಗಳೂರು ಕರಗ ಹೊರಡೋದು ಇಲ್ಲಿಂದ, ರಾತ್ರಿಯೆಲ್ಲ ಪೇಟೆ ಸುತ್ತಿ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತೆ. ಪಕ್ಕದ ಒಂದು ಸಣ್ಣ ಹೋಟೆಲಲ್ಲಿ ಅನ್ನ ಸಾಂಬಾರು ತಿಂದೆ. ಸಾಂಬಾರು ಸಿಹಿ. ಬೆಂಗಳೂರಿನ ಸಿಹಿ ಸಾಂಬಾರಿಗೆ ನಾನು ಸಾಯೋವರೆಗೂ ಒಗ್ಗಲ್ಲ, ಅದು ಬೇರೆ ವಿಷಯ.

ಹಲಸೂರು ಗೇಟ್ ಪೊಲೀಸ್ ಸ್ಟೇಷನ್ ದಾಟಿದೆ. ಹಲಸೂರು ಅಲ್ಲಿಂದ ಎಷ್ಟೋ ದೂರ, ಗೇಟೂ ಇಲ್ಲ, ಹೆಸರು ಮಾತ್ರ ಠಾಣೆಯಲ್ಲಿ ಭದ್ರವಾಗಿದೆ. ಬೆಂಗಳೂರಿಗೆ ಬಂದ ಹೊಸದರಲ್ಲಿ 'ಹಲಸೂರು ಗೇಟ್ ಹತ್ರ ಬಾ' ಅಂತ ಫ್ರೆಂಡ್ ಹೇಳಿದ್ದಕ್ಕೆ ಸೀದಾ ಹಲಸೂರಿಗೆ ಹೋಗಿ ನಿಂತಿದ್ದೆ, ಪುಣ್ಯಕ್ಕೆ ಆವಾಗ ಅವನಿಗೂ ಬೇರೆ ಕೆಲಸ ಇರ್ಲಿಲ್ಲ. ಹಡ್ಸನ್ ಸರ್ಕಲ್ ದಾಟಿ ಇನ್ನೂ ಕೆಳಗಿಳಿದ್ರೆ ಕಂಠೀರವ ಸ್ಟೇಡಿಯಂ.

ಈಗ ಇಳಿಜಾರು ನೋಡಿದ್ರೆ ಸಾಕು ನನಗೆ ಅನುಮಾನ ಬರೋಕೆ ಶುರುವಾಗಿತ್ತು. ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆ ಅಂಗಳದಲ್ಲಿ. ಅದರ ಒಂದು ಮೂಲೇಲಿ ಒಂದು ಸಣ್ಣ ಕೊಳ ಉಳಿಸಿದಾರೆ, ಕರಗದ ಆಚರಣೆಗೆ. ಗೇಟಿನ ಕಂಬಿ ಸಂದಿಯಿಂದ ನೋಡಿದೆ, ಹಸಿರು ನೀರು, ಕಲ್ಲು ಮೆಟ್ಟಿಲು, ಒಂದು ಪ್ಲಾಸ್ಟಿಕ್ ಬಾಟಲಿ ತೇಲ್ತಿತ್ತು. ಸ್ಟೇಡಿಯಂ ಒಳಗಿಂದ ವಿಸಿಲ್ ಶಬ್ದ, ಯಾರೋ ಮಕ್ಳಿಗೆ ಓಟ ಕಲಿಸ್ತಿದ್ರು. ತೋಟ ಮಾಡ್ಕೊಂಡಿದ್ದ ತಿಗಳರು ಈ ಕೆರೆ ಸುತ್ತ ಹೂ ತರಕಾರಿ ಬೆಳೀತಿದ್ರು, ತೋಟ ಹೋಯ್ತು, ಕೆರೆ ಹೋಯ್ತು, ಆದ್ರೆ ಕರಗಕ್ಕೆ ನೀರು ಬೇಕೇ ಬೇಕಲ್ಲ, ಅದಕ್ಕೆ ಇಷ್ಟಗಲ ಉಳೀತು. ಯಾವ ಕೋರ್ಟ್ ಆರ್ಡರಿಂದಾನೂ ಆಗದೇ ಇರೋದು ಕೆಲವು ಸಲ ಒಂದು ಹಬ್ಬದಿಂದ ಆಗುತ್ತೆ. ನಾನು ಅಂಥಾ ದೈವಭಕ್ತ ಅಲ್ಲ, ಆದ್ರೂ ಮೆಜೆಸ್ಟಿಕ್ಕಲ್ಲಿ ಅಣ್ಣಮ್ಮನಿಗೂ ಹಿಂಗೇ ಒಂದು ಕಟ್ಟುನಿಟ್ಟಿನ ನೀರಿನ ಪೂಜೆ ಇದ್ದಿದ್ರೆ ಅಲ್ಲೂ ಒಂದು ಮೂಲೆ ಉಳೀತಿತ್ತೇನೋ ಅನ್ನಿಸ್ತು.

ಅಲ್ಲಿಂದ ಮಿಷನ್ ರೋಡು, ಸುಬ್ಬಯ್ಯ ಸರ್ಕಲ್, ಲಾಲ್‌ಬಾಗ್ ರೋಡು. ಈ ಭಾಗ ನಡೆಯೋರಿಗಲ್ಲ. ಫುಟ್‌ಪಾತ್ ಮೇಲೆ ಬೈಕ್ ಬರುತ್ತೆ, ನಾವು ಪಕ್ಕಕ್ಕೆ ಸರಿದ್ರೆ ಅವನು ನಮಗೇ ಹಾರ್ನ್ ಹೊಡೀತಾನೆ, ಹಾರ್ನ್ ತಪ್ಪಿಸ್ಕೊಂಡ್ರೆ ಟ್ರಾನ್ಸ್‌ಫಾರ್ಮರು, ಅದು ತಪ್ಪಿದ್ರೆ ಒಂದು ಚಪ್ಪಡಿ ಅಲ್ಲಾಡಿ ಕೆಳಗಿಂದ ಕೊಳಚೆ ಪಿಚಕ್ಕಂತ ಪ್ಯಾಂಟಿಗೆ ಹಾರುತ್ತೆ. ಹಾರ್ತು. ಬಲಗಾಲಿನ ಪ್ಯಾಂಟು ಮೊಣಕಾಲವರೆಗೆ. ಹೇಳ್ಕೊಳ್ಳೋಕೆ ಯಾರೂ ಇರ್ಲಿಲ್ಲ, ಎಳನೀರಿನೋನು ಒಬ್ಬ ನೋಡಿ ನಕ್ಕ, ಅವನ ಹತ್ರಾನೇ ಒಂದು ಎಳನೀರು ಕುಡಿದೆ. ತಿಪಟೂರಿನೋನು ಬೆಂಗಳೂರಲ್ಲಿ ದುಡ್ಡು ಕೊಟ್ಟು ಎಳನೀರು ಕುಡಿಯೋದು ಎಷ್ಟು ಸಂಕಟ ಅಂತ ನಮ್ಮ ಕಡೆಯೋರಿಗೆ ಮಾತ್ರ ಗೊತ್ತು.

ಲಾಲ್‌ಬಾಗ್ ಒಳಗೆ ಗಾಜಿನ ಮನೆ ಕಡೆ ಹೋಗ್ಲಿಲ್ಲ, ಸೀದಾ ಬಂಡೆ ಹತ್ತಿದೆ. 1760ರ ಹೊತ್ತಿಗೆ ಹೈದರಾಲಿ ತೋಟ ಹಾಕಿಸಿದ್ದು, 1889ರಲ್ಲಿ ಗಾಜಿನ ಮನೆ ಕಟ್ಟಿದ್ದು, ಇದೆಲ್ಲ ಸ್ಕೂಲ್ ಟೂರಲ್ಲಿ ಬಾಯಿಪಾಠ ಆಗಿದ್ದೇ. ಬಂಡೆ ಮುಂದೆ ಅವೆಲ್ಲ ಮೊನ್ನೆ ಮೊನ್ನೆ. 300 ಕೋಟಿ ವರ್ಷದ ಕಲ್ಲು ಅಂತ ಬೋರ್ಡ್ ಹಾಕಿದಾರೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಂಥ ಕಲ್ಲಿನ ಮೇಲೆ ಒಂದು ಹುಡುಗಿ ಹುಡುಗ ಐಸ್‌ಕ್ರೀಮ್ ಕರಗೋಕ್ ಮುಂಚೆ ಸೆಲ್ಫಿ ತೆಗೆಯೋ ಗಡಿಬಿಡೀಲಿದ್ರು. ನಾನು ಶೂ ಬಿಚ್ಚಿ ಅಂಗಾಲು ಕಲ್ಲಿಗೆ ಇಟ್ಟೆ. ಮೋಡ ಇದ್ರೂ ಕಲ್ಲು ಬೆಚ್ಚಗಿತ್ತು. ಎಡಗಾಲಿನ ಕಿರುಬೆರಳಲ್ಲಿ ಬೊಬ್ಬೆ ಎದ್ದಿತ್ತು, ಆಫೀಸ್ ಶೂ ನಡೆಯೋಕೆ ಮಾಡಿದ್ದಲ್ಲ ಅಂತ ಆವಾಗ ಗೊತ್ತಾಯ್ತು.

ಬಂಡೆ ಮೇಲೆ ಕೆಂಪೇಗೌಡರ ಕಾಲದ ಗೋಪುರ. ಇಂಥವು ನಾಕು, ಲಾಲ್‌ಬಾಗು, ಕೆಂಪಾಂಬುಧಿ, ಹಲಸೂರು ಕೆರೆ, ಮೇಖ್ರಿ ಸರ್ಕಲ್. ಊರು ಇವನ್ನ ದಾಟಿ ಬೆಳೆಯಲ್ಲ ಅಥವಾ ಬೆಳೀಬಾರ್ದು ಅಂತ ಹೇಳ್ತಿದ್ರಂತೆ. ದಾಟಿ ಎಲ್ಲೆಲ್ಲಿಗೋ ಹೋಗಿದೆ, ನಾನೇ ಕೆಂಗೇರಿ ಹತ್ರ ಇದೀನಿ. ಗೋಪುರದ ಸಾಲಲ್ಲಿ ಎರಡು ಕೆರೆ ಪಕ್ಕದಲ್ಲಿವೆ, ಲಾಲ್‌ಬಾಗ್ ಬಂಡೆ ಕೆಳಗೂ ಒಂದು ಕೆರೆ ಇದೆ. ಇದು ಬರೀ ಗಡಿ ಕಲ್ಲಲ್ಲ, ಏರಿ ಮೇಲೆ ಕಾವಲಿಟ್ಟ ಹಾಗೆ ಕೂಡ ಇದೆ ಅನ್ನೋದು ನನ್ನ ಊಹೆ, ಇತಿಹಾಸಕಾರರು ನಗಬೇಡಿ.

ಪಶ್ಚಿಮ ಗೇಟಿಂದ ಆಚೆ ಬಂದು ಬಸವನಗುಡಿ. ಆಹಾ, ಇಲ್ಲಿ ನಡೀಬಹುದು. 1898ರ ಪ್ಲೇಗ್ ಪೇಟೆಯ ಗಲ್ಲಿಗಳನ್ನ ಬಡಿದ ಮೇಲೆ ಜನ ಗಾಳಿ ಬೆಳಕಿಗೆ ಅಂತ ಬಂದು ಸೇರಿದ ಬಡಾವಣೆ, ಮಲ್ಲೇಶ್ವರದ ಜೋಡಿ, ಅಡ್ಡರಸ್ತೆಗಳು ನೇರ, ಮರಗಳು ದೊಡ್ಡವು. ಗಾಂಧಿ ಬಜಾರಲ್ಲಿ ದೋಸೆಗೆ ಕ್ಯೂ ಇತ್ತು, ನಿಲ್ಲೋ ಶಕ್ತಿ ಕಾಲಿಗಿರ್ಲಿಲ್ಲ, ಪಕ್ಕದಲ್ಲಿ ಒಂದು ಕಾಫಿ ಕುಡಿದೆ. ಹೂವಿನೋರ ಹತ್ರ ಒಬ್ರು ಅಜ್ಜಿ ಸೇವಂತಿಗೆಗೆ ಚೌಕಾಸಿ ಮಾಡ್ತಿದ್ದಿದ್ದು ಕೇಳಿದ್ರೆ ಅದೇ ಒಂದು ಸಂಗೀತ ಕಚೇರಿ, 'ಮೊಳ ಅಂದ್ರೆ ನಿನ್ ಮೊಳಾನ ನನ್ ಮೊಳಾನ?' ಅಜ್ಜಿ ಮೊಳ ಉದ್ದ ಇತ್ತು.

ದೊಡ್ಡ ಬಸವಣ್ಣನ ಗುಡಿಗೆ ಹೋಗಿ ಸುತ್ತು ಬಂದೆ. ಈ ಬಸವಣ್ಣ ಕಡಲೆಕಾಯಿ ಹೊಲ ಮೇಯ್ತಿದ್ದ ಅಂತ ಕತೆ, ಅದಕ್ಕೇ ಕಾರ್ತಿಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆ. ಪರಿಷೆಗೆ ನಾನು ಪ್ರತಿ ವರ್ಷ ಬರ್ತೀನಿ, ಕಡಲೆಕಾಯಿ ತಿಂದು ಹೋಗ್ತೀನಿ. ಆದ್ರೆ ವೃಷಭಾವತಿ ಹುಟ್ಟೋದು ಈ ವೃಷಭನ ಪಾದದಲ್ಲಿ ಅಂತ ಇನ್ನೊಂದು ನಂಬಿಕೆ ಇದೆಯಲ್ಲ, ಅದಕ್ಕೂ ನನಗೂ ಇರೋ ಸಂಬಂಧ ಅವತ್ತೇ ತಲೆಗೆ ಹೋಗಿದ್ದು.

ನಾನು ದಿನಾ ಮೆಟ್ರೋದಲ್ಲಿ ನಾಯಂಡಹಳ್ಳಿ ದಾಟ್ತೀನಿ. ಮೈಸೂರು ರೋಡ್ ಪಕ್ಕ ಕಪ್ಪಗೆ, ಬಿಳೀ ನೊರೆ ಹೊತ್ಕೊಂಡು ಹರಿಯುತ್ತಲ್ಲ, ಅದನ್ನ ನಾವು ಮನೇಲಿ ಕರೆಯೋದು ಮೋರಿ ಅಂತ. 'ಮೋರಿ ವಾಸನೆ ಬರ್ತಿದೆ, ಕಿಟಕಿ ಹಾಕು' ಅಂತ ನನ್ನ ಹೆಂಡತಿ ದಿನಾ ಸಂಜೆ ಹೇಳೋ ಮಾತು. ಅದು ವೃಷಭಾವತಿ. ಹೆಸರು ಗೊತ್ತಿತ್ತು, ಪೇಪರಲ್ಲಿ ಓದಿದೀನಿ. ಆದ್ರೆ ಮೆಜೆಸ್ಟಿಕ್ ಪ್ಲಾಟ್‌ಫಾರ್ಮ್ ಕೆಳಗೆ ಹರಿದ ಆ ಕೆಂಪು ನೀರು, ಅಪ್ಪ ಕೇಳಿದ ನೀರು, ಅವತ್ತು ನಾವಿಬ್ರೂ ಬಸ್ ಹತ್ತಿ ರೂಮಿಗೆ ಹೋಗೋಕ್ ಮುಂಚೆ ಅಥವಾ ಆಮೇಲೆ ಅದೇ ದಾರೀಲಿ ನಮ್ಮ ಪಕ್ಕದಲ್ಲೇ ಬಂದಿರುತ್ತೆ ಅಂತ ಯೋಚ್ನೆ ಮಾಡಿರ್ಲಿಲ್ಲ. ಮೋರಿ ಎಲ್ಲಿಗ್ ಹೋಗುತ್ತೆ ಅಂದ್ರೆ ನಮ್ಮ ಮನೆ ಕಡೆಗೇ ಬರುತ್ತೆ.

ಗವಿಪುರದ ಕಡೆ ಮತ್ತೆ ಇಳಿಜಾರು. ಈಗ ಬೊಬ್ಬೆ ಒಡೆದಿತ್ತು, ಕುಂಟ್ಕೊಂಡೇ ಇಳಿದೆ. ಗವಿ ಗಂಗಾಧರೇಶ್ವರನಿಗೆ ಹೊರಗಿಂದಾನೇ ನಮಸ್ಕಾರ ಮಾಡಿ, ದಾರಿ ಕೇಳ್ಕೊಂಡು ಕೆಂಪಾಂಬುಧಿ ಕೆರೆಗೆ ಬಂದೆ. ಆರು ಗಂಟೆ ಆಗಿತ್ತು. ಇಷ್ಟು ದಿನ ಇದೂ ಹೋಗಿರುತ್ತೆ ಅಂದ್ಕೊಂಡಿದ್ದೆ, ಇದೆ. ನೀರಿದೆ. ಸುತ್ತ ಬೇಲಿ, ವಾಕಿಂಗ್ ದಾರಿ, ಸ್ವೆಟರ್ ಹಾಕಿರೋ ತಾತಂದಿರು, ಇಯರ್‌ಫೋನ್ ಹುಡುಗೀರು. ನೀರಂತೂ ತಿಳಿಯಾಗಿಲ್ಲ, ದಡದ ಹತ್ರ ಒಂಥರಾ ಪಾಚಿ ವಾಸನೆ, ಆದ್ರೆ ನಡುವೆ ಎರಡು ನೀರುಕಾಗೆ ಮುಳುಗಿ ಮುಳುಗಿ ಏಳ್ತಿದ್ವು. ಅವುಕ್ಕೆ ಏನೋ ಸಿಗ್ತಿತ್ತು ಅಂತಾಯ್ತು. ಬೆಳಿಗ್ಗೆಯಿಂದ ಇಲ್ದೇ ಇರೋ ಕೆರೆಗಳನ್ನೇ ನೋಡ್ಕೊಂಡು ಬಂದೋನಿಗೆ ಇರೋ ಕೆರೆ ಕಂಡಾಗ ಏನನ್ನಿಸ್ತು ಅಂತ ಬರೆಯೋಕೆ ಬರ್ತಿಲ್ಲ. ಕಟ್ಟೆ ಮೇಲೆ ಕೂತು ಅಪ್ಪಂಗೆ ಫೋನ್ ಮಾಡಿದೆ.

'ಏನ್ಲಾ, ಇಷ್ಟೊತ್ನಲ್ಲಿ? ಆಫೀಸಿಲ್ವಾ?'

'ರಜೆ ಅಪ್ಪ. ಕೆರೆ ಹತ್ರ ಬಂದಿದೀನಿ.'

'ಯಾವ ಕೆರೆ?'

ಹೇಳಿದೆ. ಬೆಳಿಗ್ಗೆಯಿಂದ ನಡೆದಿದ್ದೆಲ್ಲ ಹೇಳಿದೆ, ಮೆಜೆಸ್ಟಿಕ್ ನೀರು ಹೆಂಗೆ ನಮ್ಮ ಮನೆ ಹತ್ರ ಬಂದು, ಅರ್ಕಾವತಿ ಸೇರಿ, ಕಾವೇರಿಗೆ ಹೋಗುತ್ತೆ ಅಂತ, ದಿಣ್ಣೆ ಆ ಕಡೆದು ಹೆಂಗೆ ಬೇರೆ ನದಿಗೆ ಹೋಗುತ್ತೆ ಅಂತ. ಹದಿನಾಲ್ಕು ವರ್ಷದ ಹಿಂದೆ ನೀನ್ ಕೇಳಿದ್ಯಲ್ಲ ಅದಕ್ಕೆ ಉತ್ತರ ಅಂದೆ. ಅಪ್ಪನಿಗೆ ಕೇಳಿದ್ದೇ ನೆನಪಿರ್ಲಿಲ್ಲ. 'ನಾನ್ ಕೇಳಿದ್ನಾ? ಇರ್ಬೌದು' ಅಂದ. ಸ್ವಲ್ಪ ಹೊತ್ತು ಸುಮ್ನಿದ್ದ, ಹಿಂದೆ ಕೊಟ್ಟಿಗೇಲಿ ಹಸು ಗಂಟೆ ಶಬ್ದ ಕೇಳ್ತಿತ್ತು.

'ಏರಿ ಗಟ್ಟಿಯಾಗೈತಾ?'

'ಐತೆ ಅನ್ಸುತ್ತೆ. ಮೇಲೆ ರೋಡ್ ಮಾಡವ್ರೆ.'

'ತೂಬು ಎಲ್ಲೈತೆ?'

ತೂಬು, ಅಂದ್ರೆ ಏರಿಯಿಂದ ನೀರು ಆಚೆ ಬಿಡೋ ಕಿಂಡಿ, ನೋಡಿರ್ಲಿಲ್ಲ. ಕೋಡಿನೂ ನೋಡಿರ್ಲಿಲ್ಲ. ಕೆರೆಗೆ ಬಂದು ನೀರುಕಾಗೆ ನೋಡ್ಕೊಂಡು ಕೂತಿದ್ದೆ. 'ತಡಿ ಅಪ್ಪ, ನೋಡಿ ಹೇಳ್ತೀನಿ' ಅಂತ ಫೋನ್ ಕಿವೀಲೇ ಇಟ್ಕೊಂಡು ಎದ್ದು ಏರಿ ಉದ್ದಕ್ಕೂ ಕುಂಟ್ಕೊಂಡು ಹೊರಟೆ. ಕತ್ಲಾಗ್ತಿತ್ತು. ಅರ್ಧ ದಾರಿಗೆ ವಾಚ್‌ಮನ್ ಎದುರು ಬಂದ, ಕೋಲಲ್ಲಿ ಬೇಲಿ ತಟ್ಟಿ, 'ಟೈಮಾಯ್ತು ಸಾರ್, ಗೇಟ್ ಹಾಕ್ತೀವಿ, ಏನ್ ಹುಡುಕ್ತಿದೀರ?' ಅಂದ.

'ತೂಬು' ಅಂದೆ.

'ಏನು?'